ಗೆರೆಯ ಬಲತುದಿ

ಮನೆ, ಮುಂದಿನ ಕೋಣೆ
ಭಾನುವಾರ, ಜೂನ್ ೧೪

ಪ್ರೀತಿಯ ರೀ,

ಕಾಗದದಲ್ಲಿ ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಮನೆಯಲ್ಲಿ ಕರೆಯುವುದು ಹೀಗೇ ಆದ್ದರಿಂದ ಇಲ್ಲೂ ಹಾಗೇ ಇರಲಿ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಎರಡು ಸಾಲು ಬರೆಯುವಷ್ಟರಲ್ಲಿ ಅದು ಆಫೀಸಿನಿಂದ ಹೋಗುವ ಮೇಲ್‌ನಂತೆ ಕಾಣತೊಡಗಿತು, ಹರಿದುಹಾಕಿದೆ. ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟೋ ಕಾಲವಾಯಿತು. ಶಾಲೆಯಲ್ಲಿ ನಮಗೆ ಕನ್ನಡಕ್ಕೆ ಇದ್ದದ್ದು ವಾರಕ್ಕೆ ಮೂರೇ ಪೀರಿಯಡ್ಡು. ಒತ್ತಕ್ಷರ ತಪ್ಪಿದ್ದರೆ ವ್ಯಾನಿನಲ್ಲಿ ಎಲ್ಲರಿಗೂ ಓದಿ ಹೇಳಿ ನಗಬೇಡಿ.

ನಿಮ್ಮ ಬೆನ್ನು ಹೇಗಿದೆ? ಹಿಂದಿನ ಸೀಟಿನಲ್ಲಿ ಆ್ಯಂಪ್ಲಿಫೈಯರಿಗೆ ಒರಗಿಕೊಂಡು ನಿದ್ದೆ ಮಾಡುತ್ತೇನೆ ಅಂದಿರಲ್ಲ, ಅದು ಬೇಡ. ಬೆರಳ ತುದಿಯ ಗುಳ್ಳೆಗಳು ಒಣಗಿ ಗಟ್ಟಿಯಾದವೇ? ಬೇಸ್ ಗಿಟಾರಿನ ತಂತಿ ಅಷ್ಟು ದಪ್ಪ ಇರುತ್ತದೆಂದು ನಿಮ್ಮ ಬೆರಳು ನೋಡಿದ ಮೇಲೇ ನನಗೆ ಗೊತ್ತಾದದ್ದು. ನಾನು ಚೆನ್ನಾಗಿದ್ದೇನೆ. ಅತ್ತೆ ನನಗಿಂತ ಚೆನ್ನಾಗಿದ್ದಾರೆ. ಅವರ ಕಿವಿಯ ಮೆಷಿನ್ನಿಗೆ ಹೊಸ ಬ್ಯಾಟರಿ ಹಾಕಿಸಿದೆ. "ಈಗ ಬೇಡದ್ದೆಲ್ಲಾ ಕೇಳ್ಸುತ್ತಮ್ಮ" ಅಂತ ಅದನ್ನು ತೆಗೆದು ಕಿಟಕಿಯಲ್ಲಿಟ್ಟು ಓಡಾಡುತ್ತಾರೆ. ನಿಮ್ಮ ಫೋನು ಬಂದಾಗ ಮಾತ್ರ ಎಲ್ಲಿದ್ದರೂ ಓಡಿಬಂದು ಹಾಕಿಕೊಳ್ಳುತ್ತಾರೆ. ಮೆಷಿನ್ ಇಲ್ಲದೆ ಫೋನ್ ಹೊಡೆದುಕೊಂಡದ್ದು ಹೇಗೆ ಕೇಳಿಸಿತು ಎಂದು ನಾನು ವಿಚಾರಿಸಲು ಹೋಗಿಲ್ಲ.

ಮುಂದಿನ ಕೋಣೆ ನೀವು ಬಿಟ್ಟುಹೋದ ಹಾಗೇ ಇದೆ. ರಿಪೇರಿಗೆ ಬಂದ ಆ ಚೆಲ್ಲೋ, ಆಳೆತ್ತರದ ಪಿಟೀಲಿನಂಥದ್ದು, ಕತ್ತು ಕಳಚಿಕೊಂಡು ಸೋಫಾದ ಉದ್ದಕ್ಕೂ ಮಲಗಿದೆ. ಬಂದವರಿಗೆ ಅಡುಗೆಮನೆಯ ಸ್ಟೂಲೇ ಗತಿ. ನಿಮ್ಮ ಅಂಟಿನ ಡಬ್ಬಿಯ ಮುಚ್ಚಳ ಸಡಿಲವಾಗಿರಬೇಕು, ವಾಸನೆ ಇನ್ನೂ ಹೋಗಿಲ್ಲ. ಬಿಗಿ ಮಾಡಬಹುದಿತ್ತು, ಮಾಡಿಲ್ಲ. ಚೆಲ್ಲೋ ಟೀಚರ್ ವಾರಕ್ಕೊಮ್ಮೆ ಬಂದು, ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರ ಹಾಗೆ ಅದರ ಪಕ್ಕ ನಿಂತು, "ಡಾಕ್ಟರು ಯಾವಾಗ ಬರ್ತಾರೆ?" ಎಂದು ಕೇಳುತ್ತಾರೆ. ಮೊದಮೊದಲು ನಾನು "ಮುಂದಿನ ವಾರ" ಅನ್ನುತ್ತಿದ್ದೆ. ಈಗ ಅತ್ತೆಯೇ ಮುಂದೆ ಬಂದು, "ಡಾಕ್ಟರಿಗೇ ಹುಚ್ಚು ಹಿಡಿದಿದೆ, ಪೇಷೆಂಟು ಸ್ವಲ್ಪ ತಡ್ಕೋಬೇಕು" ಅನ್ನುತ್ತಾರೆ. ಟೀಚರ್ ನಗುತ್ತಾರೆ. ಆ ನಗು ಪ್ರತಿ ವಾರ ಸ್ವಲ್ಪ ಸಣ್ಣದಾಗುತ್ತಿದೆ.

ಇಷ್ಟನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ನಿಮ್ಮ ಫೋನು ಬರುವುದು ಓಡುವ ವ್ಯಾನಿನಿಂದ. ಹಿಂದಿನಿಂದ ಡ್ರಮ್ಮರ್ ಮಹಾಶಯರು ಸೀಟಿನ ಮೇಲೆ ಬೆರಳಲ್ಲೇ ಬಾರಿಸುತ್ತಿರುತ್ತಾರೆ. ಯಾರೋ "ಅತ್ತಿಗೇನ ಕೇಳ್ದೆ ಅಂತ ಹೇಳಿ" ಎಂದು ಕೂಗುತ್ತಾರೆ. ನೀವು "ಎಲ್ಲ ಸರಿನಾ?" ಅನ್ನುತ್ತೀರಿ, ನಾನು "ಸರಿ" ಅನ್ನುತ್ತೇನೆ, "ಆಮೇಲೆ ಮಾಡ್ತೀನಿ" ಅನ್ನುತ್ತೀರಿ. ಈಗ ಎರಡು ವಾರ ಒಂದೇ ಊರಿನಲ್ಲಿ ಇರುತ್ತೀರಿ, ವಸತಿಗೃಹದ ವಿಳಾಸ ಕೊಟ್ಟಿದ್ದೀರಿ. ಅದಕ್ಕೇ ಈ ಕಾಗದ. ಇದಕ್ಕೆ ಆಫೀಸಿನ ಒಂದು ಕಾರಣವೂ ಇದೆ. ಅದನ್ನೂ ಹೇಳುತ್ತೇನೆ, ಆದರೆ ಮೊದಲಿನಿಂದ ಹೇಳದಿದ್ದರೆ ನನಗೇ ತಲೆಬುಡ ಸಿಕ್ಕುವುದಿಲ್ಲ.

ಬ್ಯಾಂಡು ಹುಡುಕುವ ವಾದ್ಯಗಾರರನ್ನೂ ವಾದ್ಯಗಾರರನ್ನು ಹುಡುಕುವ ಬ್ಯಾಂಡುಗಳನ್ನೂ ಸೇರಿಸುವ ನಮ್ಮ ಆ್ಯಪಿನ ಪುಟಗಳನ್ನು ವಿನ್ಯಾಸ ಮಾಡುವವಳು ನಾನು. "ಸಂಬಂಧ ಕುದುರಿಸೋ ಕೆಲಸ ಅನ್ನು, ಅದಕ್ಯಾಕೆ ಅಷ್ಟುದ್ದ ಹೆಸರು" ಅನ್ನುತ್ತಾರೆ ಅತ್ತೆ. ಪುಟ ಸಿದ್ಧವಾದಾಗ ಅದನ್ನು ನಿಜವಾದ ವಾದ್ಯಗಾರರೊಬ್ಬರಿಂದ ತುಂಬಿಸಿ ನೋಡಬೇಕಿತ್ತು. ಮನೆಯಲ್ಲೇ ಒಬ್ಬರಿದ್ದರು. ಮದುವೆಯಾದಾಗಿನಿಂದ ಬೇರೆಯವರ ವಾದ್ಯಗಳಿಗೆ ಪ್ರಾಣ ತುಂಬುತ್ತಾ, ತಮ್ಮದನ್ನು ಬೀರುವಿನ ಮೇಲೆ ಮಲಗಿಸಿದ್ದವರು. ಹೀಗೆ ಪುಟ ತುಂಬಿಸುವಾಗ ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಪಕ್ಕದಲ್ಲಿ ಕೂತು ನೋಡಬೇಕು, ಸಹಾಯ ಮಾಡಬಾರದು. ಅವರು ಎಲ್ಲಿ ತಡವರಿಸಿದರು ಎಂದು ಗುರುತು ಹಾಕಬೇಕು. ಏನಾದರೂ ಕೇಳಿದರೆ ಉತ್ತರ ಕೊಡದೆ, "ನಿಮಗೇನನ್ನಿಸುತ್ತೆ?" ಎಂದು ತಿರುಗಿ ಕೇಳಬೇಕು. ನೀವು "ಇದೇನೇ ಇದು, ಪೊಲೀಸ್ ವಿಚಾರಣೆನಾ?" ಅಂದಿರಿ. ಕೊನೆಯ ಸಲ ಬ್ಯಾಂಡಿನಲ್ಲಿ ನುಡಿಸಿದ್ದು ಯಾವಾಗ ಎನ್ನುವಲ್ಲಿ ತುಂಬಾ ಹೊತ್ತು ನಿಂತಿರಿ. ಮನೆ ಬಿಟ್ಟು ಎಷ್ಟು ದಿನ ಇರಬಲ್ಲಿರಿ ಎನ್ನುವಲ್ಲಿ, ಗೆರೆಯ ಮೇಲೆ ಜಾರುವ ಸಣ್ಣ ಗುಂಡನ್ನು ಬೆರಳಿನಿಂದ ಎಳೆದು ಮೂರು ವಾರದ ಹತ್ತಿರ ಇಟ್ಟಿರಿ. ಇಟ್ಟು ನನ್ನ ಮುಖ ನೋಡಿದಿರಿ. ನಾನು ಪೆನ್ನು ಹಿಡಿದುಕೊಂಡು ಗಂಭೀರವಾಗಿ ಕೂತಿದ್ದೆ.

ಕೆಲಸ ಮುಗಿದ ಮೇಲೆ ಆ ಪುಟವನ್ನು ಅಳಿಸಬೇಕಿತ್ತು. ಅಳಿಸಲಾ ಎಂದಾಗ, "ಇರ್ಲಿ ಬಿಡು, ಅದೇನು ಅನ್ನ ಕೇಳುತ್ತಾ?" ಅಂದವರು ನೀವು. ಸ್ವಲ್ಪ ದಿನಕ್ಕೇ ಈ ಬ್ಯಾಂಡಿನ ಬೇಸ್ ವಾದಕರು ಮಣಿಕಟ್ಟು ಮುರಿದುಕೊಂಡರು. ಅವರಿಗೆ ಮೂರು ವಾರದ ಮಟ್ಟಿಗೆ ಒಬ್ಬ ಬದಲಿ ಬೇಕಿತ್ತು, ಆ್ಯಪು ನಿಮ್ಮನ್ನು ತೋರಿಸಿತು. ನೀವು ಪಾತ್ರೆ ತೊಳೆಯುತ್ತಿದ್ದ ನನ್ನ ಪಕ್ಕ ಬಂದು ನಿಂತು, "ಹೋಗ್ಲಾ?" ಅಂದಿರಿ. ನನ್ನ ಬಾಯಿಂದ ಬಂದದ್ದು "ನಿಮಗೇನನ್ನಿಸುತ್ತೆ?" ಆ ಮಾತನ್ನು ಆಡಿದವಳು ಹೆಂಡತಿಯೋ, ಆಫೀಸಿನವಳೋ ಎಂದು ಇವತ್ತಿಗೂ ನನಗೆ ಬಗೆಹರಿದಿಲ್ಲ. ನಿಮಗೆ ಏನನ್ನಿಸುತ್ತದೆ ಎಂದು ತಿಳಿಯುವ ಆಸೆಯಂತೂ ನಿಜವಾಗಿ ಇತ್ತು. ನೀವು ಅದನ್ನು "ಹೋಗಿ" ಎಂದು ಕೇಳಿಸಿಕೊಂಡಿರೋ, "ಬೇಡ" ಎಂದು ಕೇಳಿಸಿಕೊಂಡೂ ಹೋದಿರೋ! ಮೂರು ವಾರ ಎಂದೋ ದಾಟಿತು. "ಅವರ ಕೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ವಂತೆ, ನೋಡೋಣ" ಅಂದಿರಿ. ಆಮೇಲಾಮೇಲೆ ಕೈಯ ಸುದ್ದಿ ಬಿಟ್ಟುಹೋಗಿ ಬರೀ "ನೋಡೋಣ" ಉಳಿಯಿತು.

ಕಳೆದ ಸೋಮವಾರ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್, "ನಮ್ಮ ಮೊದಲನೇ ಗೆಲುವು ನೋಡಿ" ಎಂದು ಗೋಡೆಯ ದೊಡ್ಡ ಪರದೆಯ ಮೇಲೆ ಒಂದು ಪುಟ ತೆರೆದರು. ನೀವಿದ್ದಿರಿ. ಹೊಸ ಫೋಟೋ. ಗಡ್ಡ ಬಿಟ್ಟಿದ್ದೀರಿ, ನನಗೆ ಹೇಳಿರಲಿಲ್ಲ. ಅದರಲ್ಲಿ ಬಿಳಿ ಕೂದಲು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಒಪ್ಪುತ್ತದೆ, ಬೇಕಾದರೆ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ, ಕೆಳತುಟಿ ಸ್ವಲ್ಪ ಮುಂದೆ ತಂದು ನುಡಿಸುತ್ತಿದ್ದೀರಿ. "ಈ ಮನುಷ್ಯನ ಮುಖ ನೋಡ್ರೀ, ಇದಕ್ಕಿಂತ ಜಾಹೀರಾತು ಬೇಕಾ? ಮುಖಪುಟಕ್ಕೆ ಇದೇ ಹಾಕೋಣ" ಅಂದರು. ನಮ್ಮ ಆಫೀಸಿನಲ್ಲಿ ನಿಮ್ಮ ಗುರುತಿದ್ದದ್ದು ಇಂಜಿನಿಯರ್ ಅಕ್ಕನಿಗೆ ಮಾತ್ರ. ಅದೇ, ಹೋದ ವರ್ಷ ಪಿಟೀಲು ಸರಿಮಾಡಿಸಿಕೊಂಡು ಹೋದವರು. ಅವರು ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದರು. ನಾನು ಫೋಟೋ ನೋಡುವುದು ಬಿಟ್ಟು ಅದರ ಕೆಳಗೆ ನೋಡುತ್ತಿದ್ದೆ. ಮನೆ ಬಿಟ್ಟು ಎಷ್ಟು ದಿನ ಇರಬಲ್ಲಿರಿ ಎನ್ನುವಲ್ಲಿ, ಗುಂಡು ಗೆರೆಯ ಬಲತುದಿಗೆ ಹೋಗಿ ಕೂತಿತ್ತು. ಅಲ್ಲಿ ಬರೆದಿರುವುದು: ಮಿತಿ ಇಲ್ಲ.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ನೀವು ಮೊದಲು ತುಂಬಿದ ಪುಟ ಈಗಿಲ್ಲ. ಹೋದ ತಿಂಗಳು ನಾನೇ ಅದನ್ನು ಹೊಸದಾಗಿ ಮಾಡಿದೆ. ಹಳೆಯ ಪುಟದಲ್ಲಿ ಆ ಗುಂಡು ಎಡತುದಿಯಲ್ಲಿ ಕೂತಿರುತ್ತಿತ್ತು, ಬೇಕಾದವರು ಎಳೆದುಕೊಳ್ಳಬೇಕಿತ್ತು. ಪುಟ ತುಂಬಿ ತೋರಿಸಲು ಬಂದವರೆಲ್ಲ ಅದನ್ನು ಬಲಕ್ಕೇ ಎಳೆಯುತ್ತಿದ್ದರು. ಒಬ್ಬ ಟ್ರಂಪೆಟ್ ವಾದಕರಂತೂ "ಕಲಾವಿದನಿಗೆ ಎಂಥಾ ಮಿತಿ ಮೇಡಂ!" ಎಂದು ಎದೆಯುಬ್ಬಿಸಿ ಎಳೆದು, ಮರುಕ್ಷಣ ಗಡಿಯಾರ ನೋಡಿ, ಮಗಳನ್ನು ಶಾಲೆಯಿಂದ ಕರೆತರಬೇಕು ಎಂದು ಓಡಿದರು. ಹೇಗೂ ಎಲ್ಲರೂ ಬಲಕ್ಕೇ ಎಳೆಯುತ್ತಾರಲ್ಲ, ಅಷ್ಟು ಶ್ರಮವನ್ನಾದರೂ ಏಕೆ ಕೊಡಬೇಕು ಎಂದು ಹೊಸ ಪುಟದಲ್ಲಿ ಗುಂಡನ್ನು ಮೊದಲೇ ಬಲತುದಿಯಲ್ಲಿ ಕೂರಿಸಿಟ್ಟೆ. ಬೇಡವಾದವರು ಹಿಂದಕ್ಕೆ ಎಳೆದುಕೊಳ್ಳಲಿ ಅಂತ. ಹೊಸ ಪುಟ ಬಂದ ಮೇಲೆ ಯಾರೇ ಏನನ್ನಾದರೂ ಬದಲಿಸಲು ಹೋದರೂ, ಒಂದು ಫೋಟೋ ಹಾಕಲು ಹೋದರೂ, ಆ ಪ್ರಶ್ನೆ ಬಲತುದಿಯ ಉತ್ತರದ ಜೊತೆಗೇ ಅವರ ಮುಂದೆ ಬರುತ್ತದೆ.

ಹಾಗಾದರೆ ನೀವು ಗಡ್ಡದ ಫೋಟೋ ಹಾಕುವ ಅವಸರದಲ್ಲಿ ಕೆಳಗೆ ನೋಡದೆ 'ಉಳಿಸಿ' ಒತ್ತಿದಿರೋ? ಅಥವಾ ನೋಡಿ, ಹೌದು, ಇದೇ ಸರಿ ಎಂದುಕೊಂಡು ಒತ್ತಿದಿರೋ? ಮೀಟಿಂಗ್ ಮುಗಿದ ಕೂಡಲೇ ಇಂಜಿನಿಯರ್ ಅಕ್ಕನ ಬೆನ್ನು ಬಿದ್ದೆ, ಎಲ್ಲಾದರೂ ಗುರುತು ಉಳಿದಿರುತ್ತದಾ ಎಂದು. ಅವರು ಹುಡುಕಿ, ಕನ್ನಡಕ ತೆಗೆದು, "ನೋಡಮ್ಮ, ನೋಡಿ ಒಪ್ಪಿದವರೂ ಅದನ್ನ ಮುಟ್ಟಲ್ಲ, ನೋಡದೇ ಹೋದವರೂ ಮುಟ್ಟಲ್ಲ. ನಮ್ಮ ಕಡೆ ಇಬ್ಬರದೂ ಒಂದೇ ಥರ ಬಂದು ಬೀಳುತ್ತೆ" ಅಂದರು. ಆಮೇಲೆ ದನಿ ತಗ್ಗಿಸಿ, "ಅವರನ್ನೇ ಕೇಳಬಾರದಾ? ನಿನ್ನ ಗಂಡ ತಾನೇ?" ಅಂದರು. ಅಷ್ಟು ಸುಲಭವಾದದ್ದು ನನಗೆ ಹೊಳೆಯಲಿಲ್ಲ ಅಂದುಕೊಂಡರೇನೋ.

ಅದರ ಬದಲು ನಾನು ಊರವರನ್ನೆಲ್ಲ ಕೇಳಿದೆ. ಹೊಸ ಪುಟದಲ್ಲಿ ಮಿತಿ ಇಲ್ಲ ಎಂದಿರುವವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಸಂಶೋಧನೆ ಎಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಬ್ಬ ಕೀಬೋರ್ಡ್ ವಾದಕರು, "ನಾನಾ? ಮಿತಿ ಇಲ್ಲ ಅಂತನಾ? ಮೇಡಂ, ಸಂಜೆ ಮನೆಗೆ ತಡವಾಗಿ ಹೋದ್ರೆ ನಮ್ಮವಳು ಬಾಗಿಲೇ ತೆಗೆಯಲ್ಲ! ದಯವಿಟ್ಟು ತೆಗೆದುಹಾಕಿ, ಅವಳು ನೋಡಿದ್ರೆ ಮುಗೀತು ಕಥೆ" ಎಂದು ಗಾಬರಿಯಾದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಅಪರಿಚಿತರಿಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿದೆ. ಹೀಗೇ ಇನ್ನೂ ಕೆಲವರು. ಆಮೇಲೆ ಒಬ್ಬ ಸ್ಯಾಕ್ಸೊಫೋನ್ ನುಡಿಸುವಾಕೆ ಸಿಕ್ಕಳು, ನನ್ನದೇ ವಯಸ್ಸಿನ ದನಿ. "ಹೌದು, ನೋಡಿಯೇ ಬಿಟ್ಟದ್ದು" ಅಂದಳು. "ಮನೇಲಿ ಬಾಯಿಬಿಟ್ಟು ಹೇಳೋಕೆ ಆಗಿರ್ಲಿಲ್ಲ. ಅಲ್ಲಿ ಅದು ಮೊದಲೇ ಬರೆದಿತ್ತು. ಸುಮ್ನೆ ಇದ್ದೆ, ಅಷ್ಟೇ" ಅಂದಳು. ಅವಳ ಹೆಸರಿನ ಮುಂದೆ ಗುರುತು ಹಾಕಿ ಫೋನಿಟ್ಟೆ. ಆಮೇಲೆ ಯಾರಿಗೂ ಫೋನ್ ಮಾಡಲಿಲ್ಲ. ಕೀಬೋರ್ಡಿನವರ ಹಾಗೆ ಎಷ್ಟು ಜನ ಸಿಕ್ಕಿದರೂ, ನೀವು ಅವರ ಹಾಗೋ ಈಕೆಯ ಹಾಗೋ ಎಂದು ಅದರಿಂದ ತಿಳಿಯುವುದಿಲ್ಲ ಎಂಬಷ್ಟು ಬುದ್ಧಿ ನನಗೂ ಇದೆ.

ಮ್ಯಾನೇಜರಿಗೆ ಇದನ್ನೆಲ್ಲ ಹೇಳಿದೆ, ಗುಂಡು ಎಲ್ಲೂ ಕೂತಿರಬಾರದು, ತುಂಬುವವರೇ ಇಡಲಿ ಅಂತ. "ಯಾರೂ ದೂರು ಕೊಟ್ಟಿಲ್ವಲ್ಲ?" ಅಂದರು. ದೂರು ಕೊಡಬೇಕಾದವರು ಮನೆಯಲ್ಲಿರುತ್ತಾರೆ, ಅವರಿಗೆ ನಮ್ಮ ಆ್ಯಪಿನಲ್ಲಿ ಜಾಗವೇ ಇಲ್ಲ ಎಂದು ಹೇಳಬೇಕೆನಿಸಿತು. ಅದನ್ನು ಹೇಳುವ ಬದಲು, ಆ ಮುಖಪುಟದ ಮನುಷ್ಯ ನನ್ನ ಗಂಡ ಎಂದೆ. ಅವರ ಮುಖ ಅರಳಿತು. "ಅಯ್ಯೋ, ಮೊದಲೇ ಹೇಳಬಾರದೇನ್ರೀ! ಹಾಗಾದ್ರೆ ಅವರ ಅನುಮತಿ ತಗೊಳ್ಳೋದು ಸುಲಭ ಆಯ್ತು. ನೀವೇ ಒಂದು ಮಾತು ಕೇಳಿಬಿಡಿ!" ಕಾಗದಕ್ಕೆ ಆಫೀಸಿನ ಕಾರಣ ಅಂದೆನಲ್ಲ, ಇದೇ ಅದು. ನಿಮ್ಮ ಫೋಟೋವನ್ನು ಆ್ಯಪಿನ ಮುಖಪುಟಕ್ಕೆ ಹಾಕಬಹುದೇ? ಒಂದು ವಾರದಿಂದ ನನ್ನ ಕೆಲಸ, ನಿಮ್ಮ ಮುಖವನ್ನು ಸ್ವಲ್ಪ ಎಡಕ್ಕೆ ಸರಿಸುವುದು, ಸ್ವಲ್ಪ ಬಲಕ್ಕೆ ಸರಿಸುವುದು, ಕಿವಿ ಕತ್ತರಿಸಿಹೋಗದ ಹಾಗೆ ನೋಡಿಕೊಳ್ಳುವುದು. ಪಕ್ಕದಲ್ಲಿ "ನಿಮ್ಮ ಬ್ಯಾಂಡು ನಿಮಗಾಗಿ ಕಾಯುತ್ತಿದೆ" ಎಂಬ ಸಾಲು. ಅದನ್ನು ಬರೆದವಳೂ ನಾನೇ, ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡೇನೂ ಅಲ್ಲ. ಕೊನೆಗೆ ಪುಟ ಬದಲಿಸಲು ಅವರು ಒಪ್ಪಿದರು, ಅದು ನಾಳೆಯಿಂದ ಜಾರಿಗೆ ಬರುತ್ತದೆ. ಹಳೆಯ ಉತ್ತರಗಳು ಮಾತ್ರ ಇದ್ದ ಹಾಗೇ ಇರುತ್ತವೆ. ಇಂಜಿನಿಯರ್ ಅಕ್ಕ, "ಎಲ್ಲರನ್ನೂ ಇನ್ನೊಂದು ಸಲ ಕೇಳೋಣ, ನಿನಗೂ ಗೊತ್ತಾಗುತ್ತೆ" ಎಂದರು. ನನ್ನ ಸಂಸಾರದ ಒಂದು ಪ್ರಶ್ನೆಗೆ ಅಷ್ಟು ಜನ ವಾದ್ಯಗಾರರು ಮತ್ತೆ ಪುಟ ತುಂಬುವುದೇ? ಬೇಡ ಎಂದೆ. ಅದೂ ಅಲ್ಲದೆ, ನಿಮ್ಮ ಉತ್ತರವನ್ನು ಆಫೀಸಿನ ಪರದೆಯ ಮೇಲೆ ಓದುವುದು ನನಗೆ ಬೇಡವಾಗಿದೆ.

ನನ್ನ ಗೊಂದಲ ಏನೆಂದರೆ, ನೀವು ಯಾವ ಉತ್ತರ ಕೊಟ್ಟರೆ ನನಗೆ ಸಂತೋಷ ಎಂಬುದೂ ಪೂರ್ತಿ ತಿಳಿಯುತ್ತಿಲ್ಲ. ನಿಮ್ಮ ಪುಟದಲ್ಲಿ ಹೊಸದಾಗಿ ಒಂದು ತುಣುಕು ಹಾಕಿದ್ದೀರಲ್ಲ, ಅಭ್ಯಾಸ ಮಾಡುವಾಗಿನದು, ಅದನ್ನು ಕೇಳಿದೆ. ಹಾಡು ಮುಗಿದ ಮೇಲೆ ಯಾರೋ ಏನೋ ಅಂದದ್ದಕ್ಕೆ ನೀವು ಜೋರಾಗಿ ನಗುತ್ತೀರಿ. ಉಸಿರು ಕಟ್ಟಿ, ಕೆಮ್ಮಿ, ಮತ್ತೆ ನಗುತ್ತೀರಿ. ಆ ನಗು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತೆಂದು ಯೋಚಿಸಿದೆ, ಯೋಚನೆ ಎಲ್ಲಿಗೂ ಮುಟ್ಟಲಿಲ್ಲ. ಅತ್ತೆಗೂ ಕೇಳಿಸಿದೆ. ಮೆಷಿನ್ ಹಾಕಿಕೊಂಡು ಕೇಳಿ, "ಇವನು ನಮ್ಮೋನೇನಾ?" ಅಂದರು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನೇ ಬೈದರು. "ಕೇಳದೆ ಅವನು ಯಾವತ್ತು ಏನು ಹೇಳಿದ್ದಾನೆ? ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದೋನು. ಅವನಿಗೆ ನಾನು ಹುಡುಕಿ ಹುಡುಕಿ ತಂದಿದ್ದು ಇನ್ನೊಂದು ಬೀಗ!" ನಾನು, "ಅವರಿಗೆ ಏನನ್ನಿಸುತ್ತೋ ಅದನ್ನ ಅವರೇ ಹೇಳ್ಲಿ ಅಂತ ಸುಮ್ಮನಿದ್ದೆ" ಎಂದೆ. "ಹೂಂ, ಅವನೂ ಅಲ್ಲಿ ಅದನ್ನೇ ಅಂದ್ಕೊಂಡು ಕೂತಿರ್ತಾನೆ" ಎಂದು ಮೆಷಿನ್ ತೆಗೆದು ಕಿಟಕಿಯಲ್ಲಿಟ್ಟುಬಿಟ್ಟರು. ಅವರು ಹಾಗೆ ಮಾಡಿದ ಮೇಲೆ ವಾದಿಸಿ ಪ್ರಯೋಜನವಿಲ್ಲ ಎಂದು ನಿಮಗೇ ಗೊತ್ತು.

ನೀವು ಗುಂಡನ್ನು ನೋಡದೆ ಬಿಟ್ಟಿದ್ದರೆ, ಇಷ್ಟೆಲ್ಲ ಓದಿ "ಇವಳಿಗೇನಾಗಿದೆ" ಎಂದು ತಲೆ ಚಚ್ಚಿಕೊಳ್ಳುತ್ತೀರಿ. ಚಚ್ಚಿಕೊಳ್ಳಿ, ನನಗೆ ಬೇಸರವಿಲ್ಲ. ನೋಡಿಯೇ ಬಿಟ್ಟಿದ್ದರೆ, ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಒಂದು ಸುತ್ತು ನಡೆದು ಬರುತ್ತೀರಿ. ಹಾಗೆ ನಡೆಯುವಾಗಿನ ನಿಮ್ಮ ಬೆನ್ನು ನನಗೆ ಗೊತ್ತು. ಫೋಟೋ ವಿಷಯಕ್ಕೆ ಅವಸರವಿಲ್ಲ. ಬೇಡ ಅಂದರೂ ಮ್ಯಾನೇಜರಿಗೆ ನಾನು ಹೇಳಿಕೊಳ್ಳುತ್ತೇನೆ.

ಡ್ರಮ್ಮರ್ ಮಹಾಶಯರಿಗೂ ಉಳಿದವರಿಗೂ ನನ್ನ ನೆನಪು ಹೇಳಿ. ಮಣಿಕಟ್ಟಿನವರಿಗೆ ಬೇಗ ಗುಣವಾಗಲಿ. ಇದನ್ನು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಆದಷ್ಟು. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಗಡ್ಡ ತೆಗೆಯಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬೆನ್ನು ನೆಟ್ಟಗಿಟ್ಟುಕೊಂಡು ಮಲಗಿ.

ಇಂತೀ
ನಿಮ್ಮ ಮನೆಯವಳು

ಲಕೋಟೆ ಅಂಟಿಸುವ ಮುಂಚೆ ಒಮ್ಮೆ ಓದಿ ನೋಡಿದೆ. ಇಷ್ಟುದ್ದ ಬರೆದಿದ್ದರೂ ಒಂದು ಮಾತು ಎಲ್ಲೂ ಬಂದಿಲ್ಲ: ನೀವು ಮನೆಗೆ ಬರಬೇಕು ಅಂತ ನನಗೆ ಆಸೆ. ನುಡಿಸುವುದು ಬಿಡಿ ಅಂತಲ್ಲ. ಎರಡನ್ನೂ ಹೇಗೆ ಹೊಂದಿಸುವುದೋ ನನಗೆ ಗೊತ್ತಿಲ್ಲ, ಎದುರು ಕೂತು ಮಾತಾಡಿದರೆ ಗೊತ್ತಾಗಬಹುದು. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ನೀವಿರುವಲ್ಲಿಗೆ ಹೊರಡುತ್ತಿದ್ದೇನೆ. ಅತ್ತೆಯೂ ಬರುತ್ತಾರೆ, ಅವರ ಚೀಲ ಆಗಲೇ ಬಾಗಿಲಿಗೆ ಬಂದು ಕೂತಿದೆ. ಬರುವುದು ಬೇಡ ಅನ್ನಿಸಿದರೆ ಶುಕ್ರವಾರದೊಳಗೆ ಫೋನ್ ಮಾಡಿ ಹೇಳಿಬಿಡಿ. ನೀವು ಏನೂ ಹೇಳದಿದ್ದರೆ, ಬಾ ಎಂದಿರಿ ಅಂತಲೇ ತಿಳಿದುಕೊಳ್ಳುತ್ತೇನೆ.